ಹನ್ನೆರಡು ದಿನ ಹೊರಗೆ ರಾಡು, ಆಮೇಲೆ ಒಳಗೆ ಪ್ಲೇಟು

ಮೊನ್ನೆ ಸೋಮವಾರ ವಾಕರನ್ನು ಅಟ್ಟಕ್ಕೆ ಹಾಕಿದೆವು. ಹಾಕಿದ್ದು ನನ್ನ ಭಾವಮೈದ, ನಾನು ಕುರ್ಚಿಯಲ್ಲಿ ಕೂತು ನೋಡಿದೆ ಅಷ್ಟೇ. ಸೊಂಟದ ಮೂಳೆ ಮುರಿದು ನಾಲ್ಕು ತಿಂಗಳ ಮೇಲೆ ಒಂಬತ್ತು ದಿನ ಆಯಿತು. ಇಷ್ಟು ದಿನದಲ್ಲಿ ನಮ್ಮ ಮನೆಯಲ್ಲಿ ಜಗಳವಾಗುವ ಮಟ್ಟಕ್ಕೆ ಹೋದ ಮಾತು ಒಂದೇ: ಮೊದಲ ರಾತ್ರಿಯೇ ರಾಡು ಹಾಕಿ ಆಪರೇಷನ್ ಮಾಡಿದ್ದಾರಲ್ಲ, ಮತ್ತೆ ಒಳಗೆ ಪ್ಲೇಟು ಹಾಕಬೇಕು ಅಂತಾರಲ್ಲ, ಯಾಕೆ? ಎರಡು ಬಿಲ್ಲು ಮಾಡೋಕಾ? ಈ ಅನುಮಾನದಲ್ಲೇ ಎರಡು ದಿನ ಹೋಯಿತು. ಇನ್ನೊಬ್ಬರ ಮನೆಯಲ್ಲಿ ಅದು ಹೋಗದಿರಲಿ ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮೈಮೇಲೆ ಆದದ್ದು, ಕೇಳಿ ತಿಳಿದದ್ದು ಇಷ್ಟೇ ಇದರಲ್ಲಿರುವುದು.

ಅವತ್ತು ಸಂಜೆ ಏಳರ ಹೊತ್ತು. ಮಂಡಿ ಮುಗಿಸಿ ಬಿ.ಎಚ್. ರಸ್ತೆಯಲ್ಲಿ ಊರಿಗೆ ಹೊರಟಿದ್ದೆ. ಮುಂದಿದ್ದ ಲಗೇಜ್ ಆಟೋ ಇಂಡಿಕೇಟರ್ ಹಾಕದೆ ಬಲಕ್ಕೆ ತಿರುಗಿತು. ಬೈಕು ನಿಂತಿತು, ನಾನು ನಿಲ್ಲಲಿಲ್ಲ. ಸೀಟಿನಿಂದ ಮುಂದಕ್ಕೆ ಜಾರಿ ಪೆಟ್ರೋಲ್ ಟ್ಯಾಂಕಿಗೆ ಹೋಗಿ ಬಡಿದೆ, ಎರಡು ಕಾಲು ಎರಡು ಕಡೆ. ಹೆಲ್ಮೆಟ್ ಇದ್ದದ್ದರಿಂದ ತಲೆಗೆ ಏನೂ ಆಗಲಿಲ್ಲ. ಮೈಮೇಲೆ ರಕ್ತವೂ ಕಾಣಲಿಲ್ಲ. ಅದೇ ತೊಂದರೆ ಆಗಿದ್ದು. ಸೇರಿದವರೆಲ್ಲ "ಏನೂ ಆಗಿಲ್ಲ, ಎದ್ದೇಳಣ್ಣ" ಅಂತ ಕಂಕುಳಿಗೆ ಕೈ ಹಾಕಿದರು. ಒಂದು ಸಲ ಏಳಲು ನೋಡಿದೆ. ಸೊಂಟದ ಕೆಳಗಿನ ಎರಡು ಭಾಗ ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಬೇರೆ ಬೇರೆಯಾಗಿ ಅಲ್ಲಾಡಿದವು. ನೋವಿಗಿಂತ ಮೊದಲು ಹೆದರಿಕೆ ಬಂತು. ಟೀ ಅಂಗಡಿಯವರೊಬ್ಬರು "ಮಲಗಿಸ್ರೋ ಅವರನ್ನ" ಅಂತ ಗದರಿ 108ಕ್ಕೆ ಫೋನು ಮಾಡಿದರು.

ತಾಲೂಕು ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಇದ್ದರು. ಬಿಪಿ ನೋಡಿದರು, 80ಕ್ಕೆ ಇಳಿದಿತ್ತು. ಮಂಚದ ಮೇಲಿನ ಬೆಡ್‌ಶೀಟನ್ನೇ ಎಳೆದು ಉದ್ದಕ್ಕೆ ಮಡಚಿ ನನ್ನ ಕೆಳಗೆ ತೂರಿಸಿದರು. ವಾರ್ಡ್ ಹುಡುಗ ಅದನ್ನು ಹೊಟ್ಟೆಯ ಮೇಲೆ ಕಟ್ಟಲು ಹೋದ. "ಹೊಟ್ಟೆಗಲ್ಲ ಕಣೋ, ಕೆಳಕ್ಕೆ ತಗೋ. ತೊಡೆ ಶುರುವಾಗೋ ಕಡೆ ಪಕ್ಕದಲ್ಲಿ ಗಟ್ಟಿ ಮೂಳೆ ಸಿಗುತ್ತಲ್ಲ, ಅಲ್ಲಿಗೆ" ಅಂದರು. ಇಬ್ಬರೂ ಎರಡು ಕಡೆ ನಿಂತು ಎಳೆದು ಬಿಗಿದರು. ಮೊಣಕಾಲುಗಳನ್ನು ಜೋಡಿಸಿ ಇನ್ನೊಂದು ಬಟ್ಟೆ ಕಟ್ಟಿದರು. ಬಿಗಿದ ಗಳಿಗೆ ಪ್ರಾಣ ಹೋದಂತಾಯಿತು, ಒಂದು ನಿಮಿಷಕ್ಕೆ ಅರ್ಧ ನೋವು ಇಳಿಯಿತು. ಆಮೇಲೆ ಬೆಂಗಳೂರಿನಲ್ಲಿ ಡ್ಯೂಟಿ ಡಾಕ್ಟರು ಎಕ್ಸ್‌ರೇಗಿಂತ ಮೊದಲು ಕೇಳಿದ್ದು, ಇದನ್ನು ಕಟ್ಟಿದ್ದು ಯಾರು ಅಂತ.

ಸೊಂಟದ ಮೂಳೆ ಬಿಚ್ಚಿಕೊಂಡಾಗ ರಕ್ತ ಹೊರಗೆ ಬರುವುದಿಲ್ಲ, ಒಳಗೇ ತುಂಬುತ್ತದೆ, ಲೀಟರುಗಟ್ಟಲೆ. ಹೆಚ್ಚಿನದು ಮುರಿದ ಮೂಳೆಯಿಂದ ಮತ್ತು ಬೆನ್ನ ಕಡೆ ಬಲೆಯ ಹಾಗಿರುವ ಸಣ್ಣ ಸಿರೆಗಳಿಂದ ಬರುವುದು. ಇಂಥ ನಾಳ ಒಡೆದಿದೆ, ಇದನ್ನು ಕಟ್ಟೋಣ ಅನ್ನಲು ಸುಲಭಕ್ಕೆ ಆಗುವುದಿಲ್ಲ. ಅಗಲವಾದ ಮೂಳೆಯನ್ನು ಮತ್ತೆ ಹತ್ತಿರ ತಂದರೆ ಒಳಗಿನ ಜಾಗ ಕಮ್ಮಿಯಾಗುತ್ತದೆ, ಮುರಿದ ಮೂಳೆ ಅಲ್ಲಾಡುವುದೂ ನಿಲ್ಲುತ್ತದೆ, ರಕ್ತ ಹೆಪ್ಪುಗಟ್ಟಲು ಅವಕಾಶ ಸಿಗುತ್ತದೆ. ಆ ಬೆಡ್‌ಶೀಟು ಮಾಡಿದ್ದು ಅದನ್ನೇ. ಹಾಗೆ ಕಟ್ಟಿದ್ದನ್ನು ದಾರಿಯಲ್ಲಿ "ಬಿಗಿಯಾಯ್ತೇನೋ, ಸ್ವಲ್ಪ ಸಡಿಲಿಸೋಣ" ಅಂತ ಯಾರೂ ಬಿಚ್ಚಬೇಡಿ. ನನ್ನ ಅಣ್ಣ ತುಮಕೂರು ದಾಟುವಾಗ ಬಿಚ್ಚಲು ಹೋಗಿದ್ದ.

ಬೆಂಗಳೂರಿಗೆ ಕರೆದೊಯ್ದದ್ದು ಖಾಸಗಿ ಆಂಬುಲೆನ್ಸು, 9,000 ರೂಪಾಯಿ. ಡ್ರೈವರು ದಾರಿಯುದ್ದಕ್ಕೂ ಒಂದು ಆಸ್ಪತ್ರೆಯ ಹೆಸರು ಹೇಳಿ "ಅಲ್ಲಿ ನಮ್ಮವರಿದ್ದಾರೆ" ಅನ್ನುತ್ತಿದ್ದ. ಫೋನು ಮಾಡಿ ಕೇಳಿದರೆ ಒಂದೂವರೆ ಲಕ್ಷ ಅಡ್ವಾನ್ಸು. ನನ್ನ ಹೆಂಡತಿ ಒಪ್ಪಲಿಲ್ಲ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು, ಸ್ತ್ರೀಶಕ್ತಿ ಸಂಘದ ಮೀಟಿಂಗಿನಲ್ಲಿ ಕೇಳಿದ್ದಳಂತೆ. ಯೋಜನೆಯಲ್ಲಿರುವ ಆಸ್ಪತ್ರೆಗೇ ಹೋಗಬೇಕು ಅಂತ ಹಟ ಹಿಡಿದಳು. ಆ ಹಟದಿಂದಲೇ ನಮ್ಮ ಎರಡೆಕರೆ ತೆಂಗಿನ ತೋಟ ಉಳಿಯಿತು.

ಎಮರ್ಜೆನ್ಸಿಯಲ್ಲಿ ಎದೆಯ ಎಕ್ಸ್‌ರೇ, ಸೊಂಟದ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನು ಎಲ್ಲ ಹತ್ತು ಹದಿನೈದು ನಿಮಿಷದಲ್ಲಿ ಆಯಿತು. ಮುಂದುಗಡೆ, ಮೂತ್ರಕೋಶದ ಎದುರಿಗೆ ಎರಡು ಮೂಳೆ ಸೇರುವ ಕಡೆ ನಾಲ್ಕು ಸೆಂಟಿಮೀಟರ್ ಅಂತರ. ಎರಡೂವರೆ ದಾಟಿದರೇ ಹಿಂದೆ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳೂ (ಲಿಗಮೆಂಟು) ಕಿತ್ತಿವೆ ಅಂತ ಅನುಮಾನ ಪಡಬೇಕಂತೆ. 'ಓಪನ್ ಬುಕ್' ಅಂತ ಬರೆದರು, ತೆರೆದ ಪುಸ್ತಕ. ಬೈಕಿನವರಿಗೆ ಟ್ಯಾಂಕು ಬಡಿದು ಹೀಗಾಗುವುದು ಅವರಿಗೆ ಹೊಸದೇನಲ್ಲ. ಇನ್ನೊಂದು ವಿಷಯಕ್ಕೆ ತಡವಾಯಿತು. ಮೂತ್ರದ ದಾರಿಯ ತುದಿಯಲ್ಲಿ ಒಂದು ಹನಿ ರಕ್ತ ಇತ್ತು. ಅದು ಕಂಡರೆ ಸುಮ್ಮನೆ ಪೈಪು ತೂರಿಸಬಾರದು, ನಾಳ ಹರಿದಿದ್ದರೆ ಇನ್ನಷ್ಟು ಹರಿಯುತ್ತದೆ ಅಂತ ಡೈ ಹಾಕಿ ಎಕ್ಸ್‌ರೇ ತೆಗೆದರು. ನನ್ನ ಪುಣ್ಯಕ್ಕೆ ಹರಿದಿರಲಿಲ್ಲ. ಹೊರಗೆ ನಮ್ಮವರು "ಬೇಗ ಪೈಪು ಹಾಕಿ, ಒದ್ದಾಡ್ತಿದಾರೆ" ಅಂತ ಕೂಗಾಡುತ್ತಿದ್ದರಂತೆ. ತಡ ಮಾಡಿದ್ದು ಒಳ್ಳೆಯದಕ್ಕೇ.

ನಾಲ್ಕು ಬಾಟಲಿ ರಕ್ತ ಬೇಕಾಯಿತು. ಬದಲಿಗೆ ಕೊಡಲು ಊರಿನಿಂದ ಮಂಡಿಯ ಹಮಾಲರು ಐದು ಜನ ರಾತ್ರಿ ಬಸ್ಸಿನಲ್ಲಿ ಬಂದರು.

ಒಂದು ಗಂಟೆ ರಾತ್ರಿಗೆ ಹೆಂಡತಿಯ ಹತ್ತಿರ ಸಹಿ ತಗೊಂಡರು. 'ಎಕ್ಸ್‌ಟರ್ನಲ್ ಫಿಕ್ಸೇಟರ್', ಅಂದರೆ ಮೂಳೆಯನ್ನು ಹೊರಗಿನಿಂದ ಹಿಡಿದಿಡುವ ರಾಡು. ಚಿಕ್ಕ ಡಾಕ್ಟರು ಹೇಳಿದ್ದು: "ಇದು ಜೀವ ಉಳಿಸೋಕಮ್ಮ. ಮೂಳೆ ಕೂಡಿಸೋದು ಆಮೇಲೆ ನೋಡೋಣ." ಅವಳ ಕಿವಿಗೆ ಬಿದ್ದದ್ದು ಮೊದಲ ವಾಕ್ಯ ಮಾತ್ರ. ಅವಳ ಜಾಗದಲ್ಲಿ ನಾನಿದ್ದರೂ ಅಷ್ಟೇ ಕೇಳಿಸುತ್ತಿತ್ತು. ಮುಂದಿನ ಗಲಾಟೆ ಹುಟ್ಟಿದ್ದು ಅಲ್ಲಿ.

ಎಚ್ಚರವಾದಾಗ ಹೊದಿಕೆ ಹೊಟ್ಟೆಯ ಮೇಲೆ ಡೇರೆಯ ಹಾಗೆ ಎದ್ದು ನಿಂತಿತ್ತು. ಕೈ ಇಟ್ಟು ನೋಡಿದರೆ ಕಬ್ಬಿಣ. ಸೊಂಟದ ಬಲಕ್ಕೆ ಎರಡು, ಎಡಕ್ಕೆ ಎರಡು, ಪೆನ್ಸಿಲ್ಲಿಗಿಂತ ಸ್ವಲ್ಪ ಸಣ್ಣ ಮೊಳೆಗಳು ಚರ್ಮದೊಳಗೆ ಇಳಿದಿದ್ದವು. ಹೊರಗಿನ ತುದಿಗಳನ್ನು ಅಡ್ಡ ರಾಡುಗಳಿಂದ ಜೋಡಿಸಿ ನಟ್ಟು ಬಿಗಿದಿದ್ದರು. ನೋಡಿದವರು ಬೆಚ್ಚುತ್ತಾರೆ, ನಿಜ ಹೇಳಬೇಕೆಂದರೆ ಮೊಳೆ ಇಳಿದ ಮೂಳೆ ಅಷ್ಟೇನೂ ನೋಯುವುದಿಲ್ಲ. ನೋಯುವುದು ಚರ್ಮ. ಸ್ವಲ್ಪ ಅಲ್ಲಾಡಿದರೂ ಮೊಳೆಯ ಸುತ್ತ ಜಗ್ಗುತ್ತದೆ. ಪಕ್ಕಕ್ಕೆ ಹೊರಳುವಂತಿಲ್ಲ, ತಲೆ ಎತ್ತಿ ಕೂರಿಸಿದರೆ ಹೊಟ್ಟೆ ರಾಡಿಗೆ ತಾಗುತ್ತದೆ. ಪಂಚೆ ಉಡುವ ಮಾತೇ ಇಲ್ಲ. ಹೆಂಡತಿ ಹಳೆಯ ಪಂಚೆ ಕತ್ತರಿಸಿ ಎರಡು ಕಡೆ ಲಾಡಿ ಹೊಲಿದು ಕಟ್ಟಿದಳು, ಮರುದಿನ ವಾರ್ಡಿನ ಇನ್ನಿಬ್ಬರಿಗೂ ಹೊಲಿದು ಕೊಟ್ಟಳು.

ರಾಡು ಹಾಕಿದವರಿಗೆ ಒಂದು ಮಾತು. ದಿನವೂ ಮೊಳೆಯ ಬುಡ ಒರೆಸುವುದನ್ನು ಮನೆಯವರು ಒಬ್ಬರು ನೋಡಿ ಕಲಿತುಕೊಳ್ಳಿ. ನಮ್ಮಲ್ಲಿ ಸಲೈನ್ ನೀರಲ್ಲಿ ಗಾಜ್ ಬಟ್ಟೆ ಅದ್ದಿ ಒರೆಸಿ, ಒಣಗಿಸಿ, ಹೊಸ ಗಾಜ್ ಸುತ್ತುತ್ತಿದ್ದರು. ನನಗೆ ಆರನೇ ದಿನ ಬಲಗಡೆಯ ಮೇಲಿನ ಮೊಳೆಯ ಸುತ್ತ ಕೆಂಪಗಾಗಿ ನೀರು ಒಸರಿತು, ರಾತ್ರಿ 101 ಜ್ವರ. ರಜೆ ಅಂತ ಅದರ ಹಿಂದಿನ ಎರಡು ದಿನ ಡ್ರೆಸ್ಸಿಂಗ್ ತಪ್ಪಿಹೋಗಿತ್ತು. ನಾವೂ ಕೇಳಿರಲಿಲ್ಲ. ಇದರಿಂದ ಎರಡನೇ ಆಪರೇಷನ್ ಮುಂದಕ್ಕೆ ಹೋಯಿತು. ಮೊಳೆಯ ತೂತಿನಲ್ಲಿ ಕೀವು ಇದ್ದಾಗ ಅದರ ಹತ್ತಿರವೇ ಕೊಯ್ದು ಒಳಗೆ ಲೋಹ ಕೂರಿಸಿದರೆ ಸೋಂಕು ಒಳಗಿಳಿಯುವ ಭಯ. ಹಾಗಂತ ಎಷ್ಟು ದಿನವಾದರೂ ಕಾಯುವಂತೆಯೂ ಇಲ್ಲ. ಮೂರು ವಾರ ದಾಟಿದರೆ ಮೂಳೆ ಸರಿದ ಜಾಗದಲ್ಲೇ ಹಿಡಿದುಕೊಳ್ಳಲು ಶುರುವಾಗಿ ಸರಿಮಾಡುವುದು ಕಷ್ಟ.

ಈ ನಡುವೆ ಸಿಟಿ ಸ್ಕ್ಯಾನು ಬಂತು. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದು "ಮುಂದೆ ಪ್ಲೇಟು, ಹಿಂದೆ ಎಡಕ್ಕೆ ಒಂದು ಸ್ಕ್ರೂ" ಅಂದು ಮುಂದಿನ ಮಂಚಕ್ಕೆ ಹೋದರು. ಸಂಜೆಗೆ ಚಿಕ್ಕಪ್ಪನ ಕೋರ್ಟು ಕೂತಿತು. "ಆಪರೇಷನ್ ಆಗಿದೆ, ರಕ್ತ ನಿಂತಿದೆ, ಕಬ್ಬಿಣ ಹಾಕವ್ರೆ. ಇನ್ನೇನು ಉಳೀತು? ಕರ್ಕೊಂಡೋಗಿ ನಾಟಿ ಕಟ್ಟು ಹಾಕ್ಸೋಣ." ಅಣ್ಣ ಅರ್ಧ ಒಪ್ಪಿದ್ದ. ನಾನೂ ಒಪ್ಪಿದ್ದೆ ಅನ್ನಬೇಕು. ಇನ್ನೊಮ್ಮೆ ಕೊಯ್ಯಿಸಿಕೊಳ್ಳುವ ಧೈರ್ಯ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಡಾಕ್ಟರನ್ನು ಅಡ್ಡಗಟ್ಟಿ ಕೇಳಿಯೇಬಿಟ್ಟಳು. ಪಕ್ಕದ ಮಂಚದವರಿಗೆ ಊರಿಂದ ಕೋಡುಬಳೆ ಬಂದಿತ್ತು, ಸ್ಟೀಲ್ ಡಬ್ಬಿ ಕಿಟಕಿಯ ಮೇಲಿತ್ತು. ಡಾಕ್ಟರು ಒಂದು ಕೋಡುಬಳೆ ತಗೊಂಡು ಅವಳ ಕೈಗೆ ಕೊಟ್ಟು, "ಇದನ್ನ ಒಂದೇ ಕಡೆ ಮುರಿಯಮ್ಮ ನೋಡೋಣ" ಅಂದರು. ಮುರಿದಳು, ಎರಡು ತುಂಡಾಯಿತು. "ಎರಡು ಕಡೆ ಮುರೀತು, ಅಲ್ವಾ? ಸೊಂಟವೂ ಬಳೆನೇ. ಮುಂದೆ ಬಿಟ್ಟಿದೆ ಅಂದ್ರೆ ಹಿಂದೆನೂ ಎಲ್ಲೋ ಬಿಟ್ಟಿರುತ್ತೆ. ನಿಮ್ಮ ಯಜಮಾನ್ರಿಗೆ ಹಿಂದೆ ಎಡಗಡೆ, ಬೆನ್ನುಮೂಳೆಯ ಬುಡ ಸೊಂಟಕ್ಕೆ ಸೇರೋ ಕೀಲು ಪೂರ್ತಿ ಬಿಟ್ಟಿದೆ. ಹೊರಗಿನ ರಾಡು ಮುಂದಕ್ಕೆ ಅಗುಳಿ ಹಾಕಿದ ಹಾಗೆ. ಹಿಂದಿನ ತಿರುಗಣೆ ಕಿತ್ತಿರೋ ಬಾಗಿಲಿಗೆ ಬರೀ ಅಗುಳಿ ಹಾಕಿದ್ರೆ ನಿಲ್ಲುತ್ತಾ?"

ಇಷ್ಟೇ. ಎರಡು ನಿಮಿಷವೂ ಹಿಡಿಯಲಿಲ್ಲ. ಹಿಂದಿನ ದಿನವೇ ಹೇಳಿದ್ದರೆ ಚಿಕ್ಕಪ್ಪನ ಕೋರ್ಟು ಕೂರುತ್ತಿರಲಿಲ್ಲ ಅಂತ ನನಗೀಗಲೂ ಬೇಜಾರಿದೆ. ಹಿಂದಿನ ಕೀಲು ಹಾಗೇ ಬಿಟ್ಟರೆ ಆ ಕಡೆಯ ಸೊಂಟ ಮೇಲಕ್ಕೆ ಸರಿದು ಕಾಲು ಗಿಡ್ಡವಾಗಬಹುದು, ಕೂರುವಾಗ ಒಂದು ಕಡೆ ಏರು ಒಂದು ಕಡೆ ತಗ್ಗು, ಬೆನ್ನ ಕೆಳಗಿನ ನೋವು ಕಾಯಂ ಅಂತ ಆಮೇಲೆ ಬಿಡಿಸಿ ಹೇಳಿದರು.

ಹಾಗಾದರೆ ಹೊರಗಿನ ರಾಡಿನಲ್ಲೇ ಗುಣವಾಗುವವರು ಯಾರೂ ಇಲ್ಲವೇ ಅಂದರೆ, ಇದ್ದಾರೆ. ಆ ಕೋಡುಬಳೆಯವರೇ ಇದ್ದರಲ್ಲ. ಪಾವಗಡ ಕಡೆಯವರು, ಲಾರಿ ಚಕ್ರ ತಾಗಿತ್ತು. ಅವರ ಹಿಂದಿನ ಕೀಲು ನನ್ನಷ್ಟು ಬಿಟ್ಟಿರಲಿಲ್ಲ, ಆದರೆ ಗುದದ್ವಾರದ ಹತ್ತಿರ ದೊಡ್ಡ ಗಾಯವಾಗಿತ್ತು. ಮಲ ಗಾಯಕ್ಕೆ ತಾಗದಿರಲಿ ಅಂತ ಹೊಟ್ಟೆಯ ಪಕ್ಕದಿಂದ ದಾರಿ ಮಾಡಿ ಚೀಲ ಕಟ್ಟಿದ್ದರು. ಅಂಥ ಕಡೆ ಒಳಗೆ ಪ್ಲೇಟು ಹಾಕಿದರೆ ಸೋಂಕು ಖಂಡಿತ ಅಂತ ಎಂಟು ವಾರ ರಾಡಿನಲ್ಲೇ ಇಡುವುದು ಅಂತ ತೀರ್ಮಾನ. "ನಿಮ್ದು ಒಳಿಕ್ಕೋಗ್ತದೆ, ನಮ್ದು ಬಾಗಿಲಾಚೆನೇ" ಅಂತ ನಗುತ್ತಿದ್ದರು ಪುಣ್ಯಾತ್ಮರು. ಎದುರಿನ ಹೆಂಗಸರ ವಾರ್ಡಿನಲ್ಲಿ ಒಬ್ಬರಿಗೆ ಮೂರನೆಯ ಥರದ್ದು: ರಾಡನ್ನೇ ಹೊಟ್ಟೆಯ ಕೆಳಗೆ ಚರ್ಮದಡಿ ಬಗ್ಗಿಸಿ ಇಟ್ಟಿದ್ದರು. ಹೊರಗೆ ಏನೂ ಕಾಣದು, ಮಗ್ಗುಲಾಗಬಹುದು, ಆದರೆ ತೊಡೆಯ ಹೊರಭಾಗ ಜೋಮು ಹಿಡಿದಿದೆ ಅನ್ನುತ್ತಿದ್ದರು. ಅದನ್ನು ಕೆಲವು ತಿಂಗಳಾದ ಮೇಲೆ ತೆಗೆಸಲೂ ಬೇಕು. ಹೊರಗಿನದು ಕೀಳು, ಒಳಗಿನದು ಮೇಲು ಅಂತ ಏನೂ ಇಲ್ಲ. ಬಳೆ ಎಲ್ಲಿ ಬಿಟ್ಟಿದೆ, ಗಾಯ ಎಲ್ಲಿದೆ, ರೋಗಿ ಆ ಹೊತ್ತಿಗೆ ಎಷ್ಟು ತಡೆದುಕೊಳ್ಳುತ್ತಾನೆ ಅನ್ನುವುದರ ಮೇಲೆ ಹೋಗುತ್ತದೆ. ಆ ಮೊದಲ ರಾತ್ರಿ ಬಿಪಿ 80 ಇದ್ದ ನನ್ನನ್ನು ಮೂರು ಗಂಟೆ ಕೊಯ್ದಿದ್ದರೆ ಮೇಜಿನ ಮೇಲೇ ಮುಗಿಯುತ್ತಿದ್ದೆನೋ ಏನೋ. ರಾಡಿಗೆ ನಲವತ್ತು ನಿಮಿಷ ಸಾಕಾಯಿತು.

ಒಪ್ಪಿಕೊಂಡ ಮೇಲೆ ಕಾಗದದ ಕಥೆ. ಅಪಘಾತದ ತುರ್ತು ಅಂತ ಮೊದಲ ಆಪರೇಷನ್ನಿಗೆ ರೆಫರಲ್ ಚೀಟಿ ಕೇಳಿರಲಿಲ್ಲ. ಎರಡನೆಯದಕ್ಕೆ ಹೊಸದಾಗಿ ಮಂಜೂರಾತಿ ತರಬೇಕು ಅಂದರು. ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರೂ ಸೇರಿದೆ, ಆಧಾರಿನಲ್ಲಿ ಬರೀ ಇನಿಷಿಯಲ್. ಕೌಂಟರಿನವರು "ಇದು ಬೇರೆ ವ್ಯಕ್ತಿ" ಅಂದುಬಿಟ್ಟರು. ಸೊಂಟ ಮುರಿದು ಮಲಗಿರುವವನು ನಾನೇ ಹೌದೋ ಅಲ್ಲವೋ ಅಂತ ಸಾಬೀತು ಮಾಡಲು ಎರಡು ದಿನ. ಕೊನೆಗೆ ಯೋಜನೆಯ ಕೆಲಸ ನೋಡಿಕೊಳ್ಳಲು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರ ಹುಡುಗಿ ಹೆಬ್ಬೆಟ್ಟಿನ ಯಂತ್ರ ವಾರ್ಡಿಗೇ ತಂದು ಹೊಂದಿಸಿಕೊಟ್ಟಳು. ಜಗಳ ಕೌಂಟರಿನಲ್ಲಿ ಮಾಡಬೇಡಿ, ಮೊದಲ ದಿನವೇ ಆರೋಗ್ಯಮಿತ್ರರನ್ನು ಹುಡುಕಿ. ಹೆಸರು ಹೊಂದದಿದ್ದರೆ ಇವತ್ತೇ, ಆರೋಗ್ಯವಾಗಿರುವಾಗಲೇ ಸರಿಪಡಿಸಿಕೊಳ್ಳಿ. ಅದೇ ಹೊತ್ತಿಗೆ ಯಾರೋ ಒಬ್ಬ ಬಂದು "ಟೈಟಾನಿಯಂ ಹಾಕಿಸ್ತೀನಿ, ಕ್ಯಾಶ್ ಕೊಡಿ" ಅಂತ ಪಿಸುಗುಟ್ಟಿದ. ಡಾಕ್ಟರನ್ನು ಕೇಳಿದೆವು, ನಿಮಗೆ ಸ್ಟೀಲೇ ಸಾಕು ಅಂದರು. ಆತ ಮತ್ತೆ ಕಾಣಲಿಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ. ಮುಂದೆ ಅಡ್ಡ ಕೊಯ್ತ, ಸಿಸೇರಿಯನ್ ಮಾಡುವ ಜಾಗದಲ್ಲೇ. ಆರು ಸ್ಕ್ರೂ ಇರುವ ಪ್ಲೇಟು. ಹಿಂದಿನ ಸ್ಕ್ರೂಗೆ ಹೊಲಿಗೆ ಒಂದೇ, ಪೃಷ್ಠದ ಪಕ್ಕದಲ್ಲಿ ಸಣ್ಣ ತೂತು ಮಾಡಿ ಎಕ್ಸ್‌ರೇ ಯಂತ್ರದಲ್ಲಿ ನೋಡುತ್ತ ನೋಡುತ್ತ ಬೆರಳುದ್ದದ, 7.3 ಮಿ.ಮೀ. ದಪ್ಪದ ಸ್ಕ್ರೂ ಕೂರಿಸುತ್ತಾರೆ. ಅದು ಹೋಗುವ ದಾರಿಯ ಪಕ್ಕದಲ್ಲೇ ಕಾಲಿನ ನರಗಳಿವೆ. ಅದಕ್ಕೇ ಎಚ್ಚರವಾದ ತಕ್ಷಣ ಯಾರೋ ಕೆನ್ನೆ ತಟ್ಟಿ "ಎಡಗಾಲ ಹೆಬ್ಬೆರಳು ಮೇಲಕ್ಕೆತ್ತಿ ಯಜಮಾನ್ರೇ" ಅಂದರು. ಎತ್ತಿದೆ. "ಕೆಳಕ್ಕೆ ಒತ್ತಿ." ಒತ್ತಿದೆ. ಹೊಟ್ಟೆಯ ಮೇಲೆ ಕೈ ಆಡಿಸಿದೆ. ರಾಡು ಇರಲಿಲ್ಲ.

ಸಿಸೇರಿಯನ್ ಗಾಯ ಅಂತ ಗೊತ್ತಾದ ಮೇಲೆ ಹೆಂಡತಿ "ಈಗ ಗೊತ್ತಾಯ್ತಾ ಕೆಮ್ಮಿದ್ರೆ ಹೆಂಗಿರುತ್ತೆ ಅಂತ" ಅಂದಳು. ಎರಡು ಸಲ ಅನುಭವಿಸಿದವಳು.

ಮೈಗೆ ಗೊತ್ತಾದ ವ್ಯತ್ಯಾಸ ಹೇಳುವುದಾದರೆ, ರಾಡು ಇದ್ದಾಗ ಹನ್ನೆರಡು ದಿನ ಆಕಾಶ ನೋಡಿಕೊಂಡೇ ಮಲಗಿದ್ದೆ, ಬೆನ್ನ ಕೆಳಗೆ ಹುಣ್ಣಾಗುವುದರಲ್ಲಿತ್ತು. ಪ್ಲೇಟು ಹಾಕಿದ ಮರುದಿನ ಬಲ ಮಗ್ಗುಲಿಗೆ ಹೊರಳಿಸಿದರು, ಎರಡನೇ ದಿನ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿದರು. ಕಾಫಿಯನ್ನು ಸ್ಟ್ರಾ ಇಲ್ಲದೆ ಲೋಟದಲ್ಲಿ ಕುಡಿದೆ. ಕೊಯ್ದ ಗಾಯದ ನೋವು ಮಾತ್ರ ಮೊದಲಿನದಕ್ಕಿಂತ ಹೆಚ್ಚು, ಐದು ದಿನ ಚೆನ್ನಾಗಿಯೇ ಕಾಡಿತು. ಕಾಲಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೊಟ್ಟೆಗೆ ದಿನಕ್ಕೊಂದು ಚುಚ್ಚುಮದ್ದು. ಮನೆಗೆ ಬಂದ ಮೇಲೂ ಹೆಂಡತಿಯೇ ಚುಚ್ಚಿದಳು. ಅದನ್ನು ತಪ್ಪಿಸಬೇಡಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಮನೆಗೆ ಬಂದದ್ದು ಹತ್ತೊಂಬತ್ತನೇ ದಿನ. ಎಡಗಾಲು ಹನ್ನೆರಡು ವಾರ ನೆಲಕ್ಕೆ ಊರುವಂತಿಲ್ಲ, ವಾಕರ್ ಹಿಡಿದು ಬಲಗಾಲಿನಲ್ಲಿ ಕುಪ್ಪಳಿಸಬೇಕು. ಯಾರೂ ಮೊದಲೇ ಹೇಳದಿದ್ದದ್ದು ಪಾಯಖಾನೆಯ ವಿಷಯ. ನಮ್ಮದು ಹಿತ್ತಿಲ ಮೂಲೆಯಲ್ಲಿ, ಕುಕ್ಕರಗಾಲಿನದು, ಎರಡು ಮೆಟ್ಟಿಲು ಬೇರೆ. ಡಿಸ್ಚಾರ್ಜ್ ದಿನ ದಾರಿಯಲ್ಲಿ ತುಮಕೂರಿನಲ್ಲಿ ಗಾಡಿ ನಿಲ್ಲಿಸಿ 2,800 ರೂಪಾಯಿಗೆ ಕಮೋಡ್ ಕುರ್ಚಿ ತಗೊಂಡೆವು. ಯೋಜನೆಯಲ್ಲಿ ಆಸ್ಪತ್ರೆಯ ಖರ್ಚು ಹೋದರೂ ಕೈಯಿಂದ ಬಿದ್ದದ್ದು ಸುಮಾರು 64,000: ಆಂಬುಲೆನ್ಸು, ಹೊರಗೆ ತಂದ ಔಷಧಿ, ಜೊತೆಗಿದ್ದವರ ಊಟ ಮತ್ತು ರೂಮು, ವಾಕರ್, ಮನೆಗೆ ಬಂದು ಕಾಲಾಡಿಸುವ ಫಿಸಿಯೋ ಹುಡುಗ. ಮೂರು ತಿಂಗಳ ಸಂಬಳ ಹೋದದ್ದು ಬೇರೆ.

ಗಂಡಸರಿಗೆ ಒಂದು ಮಾತು, ಮುಜುಗರವಾದರೂ. ಸೊಂಟದ ಈ ಪೆಟ್ಟಿನ ಮೇಲೆ ದಾಂಪತ್ಯದಲ್ಲಿ, ಮೂತ್ರ ವಿಸರ್ಜನೆಯಲ್ಲಿ ತೊಂದರೆ ಬರುವುದು ಅಪರೂಪವಲ್ಲ. ನಾನು ಎರಡು ತಿಂಗಳು ಬಾಯಿ ಬಿಡದೆ ಒಳಗೇ ಕೊರಗಿದೆ. ಕೇಳಿದಾಗ ಡಾಕ್ಟರು ದಿನವೂ ಕೇಳುವ ಪ್ರಶ್ನೆಯ ಹಾಗೆ ಉತ್ತರ ಕೊಟ್ಟು ಯುರಾಲಜಿಗೆ ಚೀಟಿ ಬರೆದರು. ಮೊದಲೇ ಕೇಳಿ.

ಹನ್ನೆರಡನೇ ವಾರದ ಎಕ್ಸ್‌ರೇಯಲ್ಲಿ ಮುಂದಿನ ಅಂತರ ಮುಚ್ಚಿತ್ತು. ಮುಂದೆ ಎಂದಾದರೂ ಪ್ಲೇಟಿನ ಒಂದು ಸ್ಕ್ರೂ ಸಡಿಲವಾಗಿಯೋ ಮುರಿದೋ ಕಂಡರೆ ಗಾಬರಿಯಾಗಬೇಡಿ, ನೋವಿಲ್ಲದಿದ್ದರೆ ತೆಗೆಯುವುದೂ ಬೇಡ ಅಂದಿದ್ದಾರೆ. ಎಡಗಾಲನ್ನು ಮೊದಲು ಊರಿದ್ದು ಆ ಎಕ್ಸ್‌ರೇ ಕೋಣೆಯ ಹೊರಗೆ. ಅಂಗಾಲಿಗೆ ನೆಲ ತಣ್ಣಗಿತ್ತು, ಕಾಲು ನನ್ನದಲ್ಲವೇನೋ ಅನ್ನುವಷ್ಟು ಸಣ್ಣಗಾಗಿ ನಡುಗುತ್ತಿತ್ತು.

ಪರಿಹಾರದ ಕೇಸು ಹಾಕುವವರು ಆರು ತಿಂಗಳ ಗಡುವು ಮರೆಯಬೇಡಿ, 2022ರ ಏಪ್ರಿಲ್‌ನಿಂದ ಕಾನೂನು ಹಾಗಿದೆ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ ಎಲ್ಲರೂ ಇಟ್ಟುಕೊಳ್ಳುತ್ತಾರೆ. ರಾಡು ಇದ್ದಾಗಿನ ಎಕ್ಸ್‌ರೇ ಫಿಲ್ಮು ನಮ್ಮವರು ಹಳೆಯದು ಅಂತ ಆಸ್ಪತ್ರೆಯಲ್ಲೇ ಬಿಟ್ಟುಬಂದಿದ್ದರು. ವಕೀಲರು ಮೊದಲು ಕೇಳಿದ್ದು ಅದನ್ನೇ. ಅಣ್ಣ ಮತ್ತೆ ಬೆಂಗಳೂರಿಗೆ ಹೋಗಿ ತಂದ.

ಆ ಬೆಡ್‌ಶೀಟು ಅಪಘಾತದ ದಿನದ ನನ್ನ ಬಟ್ಟೆಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ನಮ್ಮ ಮನೆಗೇ ಬಂದಿತ್ತು, ಮೂಲೆಯಲ್ಲಿ ಆಸ್ಪತ್ರೆಯ ಮುದ್ರೆ ಇದೆ. ಹೋದ ವಾರ ಹೆಂಡತಿ ಒಗೆದು ಇಸ್ತ್ರಿ ಮಾಡಿಸಿದ್ದನ್ನು ಕೊಡಲು ಇಬ್ಬರೂ ಆಟೋದಲ್ಲಿ ಹೋದೆವು. ನರ್ಸಮ್ಮನಿಗೆ ವರ್ಗವಾಗಿತ್ತು. ಅಲ್ಲಿದ್ದ ಇನ್ನೊಬ್ಬರು ರಿಜಿಸ್ಟರ್ ತೆಗೆದು ಬೆರಳಿಟ್ಟು ಹುಡುಕಿ, "ಹೂಂ, ಒಂದು ಕಮ್ಮಿ ಇತ್ತು" ಅಂತ ಬರೆದುಕೊಂಡರು.